ನಲವತ್ತು ವರ್ಷದ ಮೇಲೆ ಬ್ಯಾಚಿನವರ ಸುದ್ದಿ ಕಲೆಹಾಕುವುದು ಹೇಗೆ?

ಮೊದಲು ಅಟ್ಟದ ಮೇಲಿರುವ ಗ್ರೂಪ್ ಫೋಟೊ ಕೆಳಗಿಳಿಸಿ. ದಪ್ಪ ರಟ್ಟಿಗೆ ಅಂಟಿಸಿದ ಆ ಚಿತ್ರದ ಕೆಳಗೆ ಕುಳಿತವರು, ನಿಂತವರು, ಎಡದಿಂದ ಬಲಕ್ಕೆ ಎಂದು ಹೆಸರುಗಳಿರುತ್ತವೆ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಅದು ಗೈರುಹಾಜರಾದವರ ಸಾಲು. ನಾವು 1985ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮುಗಿಸಿದವರು. ನಮ್ಮ ಫೋಟೊದ ಆ ಸಾಲಿನಲ್ಲಿ ಮೂರು ಹೆಸರಿದ್ದವು. ಅವರೇಕೆ ಬರಲಿಲ್ಲ ಎಂದು ಆಗ ಯಾರೂ ಕೇಳಿರಲಿಲ್ಲ. ಒಬ್ಬನ ಹತ್ತಿರ ಫೋಟೊಗೆ ಕೊಡೋಕೆ ದುಡ್ಡಿರಲಿಲ್ಲ ಅನ್ನೋದು ಗೊತ್ತಾಗಿದ್ದು ಈಗ, ಫೋನಿನಲ್ಲಿ.

ನಾವು ಮಾಡಿದ್ದು ಒಂದು ಸಣ್ಣ ಪುಸ್ತಕ. ಒಬ್ಬೊಬ್ಬರಿಗೆ ಒಂದು ಪುಟ: ಅಲ್ಲಿಂದ ಹೊರಟ ಮೇಲೆ ಏನೇನಾಯ್ತು, ಈಗ ಎಲ್ಲಿದ್ದಾರೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಹಳೆಯ ಬ್ಯಾಚಿನವರು ಐದು ವರ್ಷಕ್ಕೊಮ್ಮೆ ಇಂಥದ್ದನ್ನು ತರುತ್ತಾರೆ. ರಟ್ಟು ಕೆಂಪಾದ್ದರಿಂದ ಅದನ್ನು ರೆಡ್ ಬುಕ್ ಎಂದೇ ಕರೆಯುತ್ತಾರೆ. ವಾಟ್ಸ್‌ಆ್ಯಪ್ ಗುಂಪಿದೆಯಲ್ಲ ಎಂದು ನಮ್ಮಲ್ಲೂ ಕೆಲವರು ಕೇಳಿದರು. ಗುಂಪಿನಲ್ಲಿ ಬರೆದದ್ದು ವಾರದೊಳಗೆ ಮೇಲೆ ಸರಿದು ಹೋಗುತ್ತೆ, ಅಲ್ವಾ? ಅಲ್ಲದೆ ಗುಂಪಿನಲ್ಲೇ ಇಲ್ಲದವರ ಗತಿ ಏನು?

ಹುಡುಕುವುದು

ಇಲ್ಲಿ ಕಾಡುವುದು ಇನಿಷಿಯಲ್. ಕಾಲೇಜಿನಲ್ಲಿ ಬರೀ ‘ಎಚ್.ಕೆ.’ ಆಗಿದ್ದವನು ಫೇಸ್‌ಬುಕ್‌ನಲ್ಲಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಬಿಡಿಸಿ ಬರೆದುಕೊಂಡಿರುತ್ತಾನೆ. ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಅಪ್ಪನ ಇನಿಷಿಯಲ್ ಹೋಗಿ ಗಂಡನ ಹೆಸರು ಬಂದಿರುತ್ತದೆ. ಹಾಗಾಗಿ ಹೆಸರು ಬಿಟ್ಟು ಊರು ಹಿಡಿಯಿರಿ. ಹಳೆಯ ವಿಳಾಸ ಸಿಕ್ಕರೆ ಜಿಲ್ಲೆ ಬದಲಾಗಿದೆಯೇ ನೋಡಿ. ಆಗ ಕೊಳ್ಳೇಗಾಲದವರು ಮೈಸೂರು ಜಿಲ್ಲೆಯವರು, ಹರಿಹರದವರು ಚಿತ್ರದುರ್ಗದವರು. ಚಾಮರಾಜನಗರ, ದಾವಣಗೆರೆ ಜಿಲ್ಲೆಗಳಾದದ್ದು 1997ರಲ್ಲಿ. ಹಳ್ಳಿಯಾದರೆ ಹಾಲಿನ ಡೇರಿಯವರನ್ನು ವಿಚಾರಿಸಿ, ಅವರಿಗೆ ಎಲ್ಲರ ಮನೆಯೂ ಗೊತ್ತು. ನಮಗೆ ಇಬ್ಬರು ಸಿಕ್ಕಿದ್ದು ಹಾಗೇ.

ನಮ್ಮ ಕಾಲದಲ್ಲಿ ಬಿ.ಎಸ್.ಆರ್.ಬಿ. (ಬ್ಯಾಂಕ್ ನೇಮಕಾತಿ ಮಂಡಳಿ) ಪರೀಕ್ಷೆ ಬರೆದು ಬ್ಯಾಂಕ್ ಸೇರಿದವರು ಬಹಳ. ಅವರಲ್ಲಿ ಹಲವರು ಸೇರಿದ ಬ್ಯಾಂಕುಗಳೇ ಈಗ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ ಸೇರಿದವು. ಶಾಖೆಗೆ ಹೋಗಿ ಕೇಳಿದರೆ ಹೊಸಬರು ಗೊತ್ತಿಲ್ಲ ಎಂದು ತಲೆ ಆಡಿಸುತ್ತಾರೆ. ನಿವೃತ್ತರ ಸಂಘದಲ್ಲಿ ಕೇಳಿ. ನಿಮ್ಮ ನಂಬರ್ ಕೊಟ್ಟು, ಅವರಿಗೆ ತಲುಪಿಸಿ ಎಂದರೆ ಸಾಕು.

ಕೇಳುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಾವು ಇಲ್ಲೇ ಎಡವಿದೆವು. ‘ನಿಮ್ಮ ಸಾಧನೆ ಬರೆದು ಕಳಿಸಿ’ ಎಂದು ಎಲ್ಲರಿಗೂ ಸಂದೇಶ ಹಾಕಿದೆವು. ಎರಡು ತಿಂಗಳಲ್ಲಿ ಬಂದದ್ದು ಎಂಟೇ ಬರಹ. ಎಂಟೂ ದೊಡ್ಡ ಹುದ್ದೆಯಲ್ಲಿದ್ದವರದು. ಉಳಿದವರಿಗೆ ಫೋನ್ ಮಾಡಿದರೆ ಒಂದೇ ಉತ್ತರ: ‘ನಂದೇನಿದೆ ಬರೆಯೋಕೆ?’

‘ಸಾಧನೆ’ ಅನ್ನುವ ಪದವನ್ನೇ ತೆಗೆದುಹಾಕಿ. ಬದಲಿಗೆ ಸುಮ್ನೆ ನಾಲ್ಕು ಪ್ರಶ್ನೆ ಕೇಳಿ. ಯಾವ್ಯಾವ ಊರಿನಲ್ಲಿ ಇದ್ದಿರಿ? ಈಗ ಬೆಳಗ್ಗೆ ಎದ್ದು ಏನು ಮಾಡುತ್ತೀರಿ? ಓದಿದ್ದು ಎಲ್ಲಾದರೂ ಕೆಲಸಕ್ಕೆ ಬಂತಾ? ಯಾರನ್ನು ನೋಡಬೇಕು ಅನ್ನಿಸುತ್ತೆ?

ಮೂರನೇ ಪ್ರಶ್ನೆ ಕೇಳಿದ್ದೇ ತಡ, ಮಾತು ಹರಿಯತೊಡಗಿತು. ಶಿವಮೊಗ್ಗ ಕಡೆಯ ಗೆಳೆಯನೊಬ್ಬ ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಂಡವನು. ‘ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಾಗ ಬುಡ ಕೆದಕಿ ಬೇರು ಸೀಳಿ ನೋಡ್ದೆ. ಕೈಯಲ್ಲಿ ಪ್ರಾಕ್ಟಿಕಲ್ ಬ್ಲೇಡೇ ಇದ್ದಂಗಿತ್ತು’ ಎಂದ. ಮದುವೆಯಾದ ಮೇಲೆ ಕೆಲಸಕ್ಕೆ ಹೋಗದ ಗೆಳತಿಯೊಬ್ಬರು ಮೊದಲ ದಿನ ‘ಮನೇಲೇ ಇದೀನಿ’ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು. ಎರಡನೇ ಸಲ ಗೊತ್ತಾಯಿತು, ಇಪ್ಪತ್ತೈದು ವರ್ಷದಿಂದ ಕೇರಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾರೆ. ಅಂಗಳದ ದಾಸವಾಳವನ್ನು ಉದ್ದಕ್ಕೆ ಸೀಳಿ ಅಂಡಾಶಯ ತೋರಿಸಿದ ಮೇಲೇ ಪುಸ್ತಕ ತೆರೆಯುವುದಂತೆ. ಇದು ಒಂದು ಪುಟಕ್ಕೆ ಸಾಲುವುದಿಲ್ಲ. ನಾವು ಅವರಿಗೆ ಎರಡು ಕೊಟ್ಟೆವು.

ಬರೆಯಲು ಹಿಂಜರಿಯುವವರ ಮಾತನ್ನು, ಕೇಳಿ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿಕೊಳ್ಳಿ. ನೀವೇ ಬರೆದು ಅವರಿಗೆ ಓದಿ ಹೇಳಿ. ಅವರ ಊರಿನ ಮಾತನ್ನು ತಿದ್ದಬೇಡಿ. ಹೇಳಿದ್ದರಲ್ಲಿ ಏನನ್ನಾದರೂ ಬಿಡಿ ಎಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ತೀರಿಕೊಂಡವರು

ಯಾರಿಗೇ ಆಗಲಿ ಫೋನ್ ಮಾಡುವ ಮುಂಚೆ ಅವರ ಹತ್ತಿರದವರೊಬ್ಬರನ್ನು ವಿಚಾರಿಸಿ. ನಾನು ಹಾಗೆ ಮಾಡದೆ ಒಬ್ಬ ಗೆಳೆಯನ ನಂಬರಿಗೆ ಕರೆ ಮಾಡಿ, ಹೆಂಡತಿ ಎತ್ತಿದಾಗ ‘ಎಲ್ಲಿ ನಮ್ಮ ಸಾಹೇಬರು?’ ಅಂದುಬಿಟ್ಟೆ. ಆತ ಹೋಗಿ ಆರು ವರ್ಷವಾಗಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕಿತ್ತ ಗಿಡಗಳನ್ನು ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆಗಳನ್ನು ಆತ ಕೊನೆಯವರೆಗೂ ಬೀರುವಿನಲ್ಲಿ ಇಟ್ಟುಕೊಂಡಿದ್ದನಂತೆ. ಒಂದು ಹಾಳೆಯ ಫೋಟೊ ತೆಗೆದು ಕಳಿಸಿದರು. ತೀರಿಕೊಂಡವರನ್ನು ಪುಸ್ತಕದ ಕೊನೆಗೆ ಬೇರೆ ಮಾಡಿ ಹಾಕಬೇಡಿ. ಅಕಾರಾದಿಯಲ್ಲಿ ಅವರ ಜಾಗ ಎಲ್ಲಿ ಬರುತ್ತದೋ ಅಲ್ಲೇ ಇರಲಿ.

ಅಚ್ಚು

ಡೆಮಿ 1/8, ಅಂದರೆ ಸಾಮಾನ್ಯ ಕಾದಂಬರಿಯ ಅಳತೆ ಸಾಕು. ಪುಟಗಳ ಲೆಕ್ಕ ಹದಿನಾರರಂತೆ ಕೂಡಿಬಂದರೆ ಖರ್ಚು ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬರಹ ಯುನಿಕೋಡ್‌ನಲ್ಲಿರುತ್ತದೆ, ಡಿಟಿಪಿ ಅಂಗಡಿಯಲ್ಲಿ ಜಾಸ್ತಿ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟು. ಒಂದರಿಂದ ಇನ್ನೊಂದಕ್ಕೆ ತರುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡುತ್ತವೆ. ಅದಕ್ಕೇ ಪ್ರತಿಯೊಬ್ಬರ ಪುಟದ ಪ್ರೂಫನ್ನೂ ಅವರಿಗೇ ಕಳಿಸಿ. ಫೋನ್ ನಂಬರ್ ಹಾಕುವುದು ಒಪ್ಪಿದವರದ್ದು ಮಾತ್ರ.

ಮೊದಲ ಪುಟಕ್ಕೆ ಗ್ರೂಪ್ ಫೋಟೊ ಹಾಕಿ. ನಾವು ಅದರ ಪಕ್ಕದಲ್ಲೇ ಗೈರುಹಾಜರಾದ ಮೂವರಿಗೂ ಜಾಗ ಬಿಟ್ಟು, ಅವರ ಹಳೆಯ ಹಾಲ್ ಟಿಕೆಟ್ ಫೋಟೊ ಕೇಳಿದೆವು. ಎರಡು ಬಂದವು. ಮೂರನೆಯ ಚೌಕದಲ್ಲಿ ಸದ್ಯಕ್ಕೆ ಹೆಸರಷ್ಟೇ ಇದೆ.