ಹಳೇ ಎಸ್ಟೇಟ್ ಬಂಗಲೆಯಲ್ಲಿ ಗೋಥಿಕ್ ಕಥೆ: ಆನ್ ರ‍್ಯಾಡ್‌ಕ್ಲಿಫ್ ದಾರಿಯಲ್ಲಿ ಬರೆಯುವ ಕ್ರಮ

ಗೋಥಿಕ್ ಕಥೆ, ಅಂದರೆ ಹಳೇ ಕಟ್ಟಡದ ಗುಟ್ಟಿನ ಸುತ್ತ ಹೆಣೆದ ಹೆದರಿಕೆಯ ಕಥೆ, ಬರೆಯಲು ಕೂತವರು ಮೊದಲು ದೆವ್ವವನ್ನು ಹುಡುಕುತ್ತಾರೆ. ತಪ್ಪುವುದೇ ಅಲ್ಲಿ. ಮೊದಲು ಬೇಕಾದದ್ದು ಒಂದು ಮನೆ, ಅದರೊಳಗೆ ಬೀಗ ಬಿದ್ದ ಕೋಣೆ, ಆ ಕೋಣೆಯ ಸದ್ದಿಗೊಂದು ಲೌಕಿಕ ಕಾರಣ. ಈ ಕ್ರಮಕ್ಕೆ ಹೆಸರಾದವರು ಲಂಡನ್ನಿನ ಕಾದಂಬರಿಕಾರ್ತಿ ಆನ್ ರ‍್ಯಾಡ್‌ಕ್ಲಿಫ್ (1764–1823). ಅವರಿಗಿಂತ ಮುಂಚಿನ ಹೊರೇಸ್ ವಾಲ್‌ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಲ್ಲಿ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಜಜ್ಜಿಹೋಗುತ್ತಾನೆ, ಪವಾಡ ಪವಾಡವಾಗಿಯೇ ಉಳಿಯುತ್ತದೆ. ರ‍್ಯಾಡ್‌ಕ್ಲಿಫ್ ಹೆದರಿಸಿದ ಮೇಲೆ ಕಾರಣವನ್ನೂ ಕೊಟ್ಟರು. 1794ರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ಗೆ ಅವರಿಗೆ ಸಿಕ್ಕಿದ್ದು 500 ಪೌಂಡು, ಆಗಿನ ಕಾದಂಬರಿಗೆ ದೊಡ್ಡ ಮೊತ್ತ.

3000 ಪದಗಳ ಕಥೆ ಎಂದಿಟ್ಟುಕೊಳ್ಳಿ. ಸ್ಥಳ ಮೂಡಿಗೆರೆ ಕಡೆಯ ಹಂಚಿನ ಬಂಗಲೆ. ಬರೆಯುವುದನ್ನು ಕೊನೆಯಿಂದ ಶುರು ಮಾಡಿ: ಅಟ್ಟದ ಮೇಲಿನ ಹೆಜ್ಜೆ ಸದ್ದು ಕಾಫಿ ಹಣ್ಣು ತಿನ್ನುವ ಕಾಡುಬೆಕ್ಕಿನದು. ಇದನ್ನು ಹಾಳೆಯ ತುದಿಯಲ್ಲಿ ಬರೆದಿಟ್ಟು, ಅದರ ಗುರುತುಗಳನ್ನು ಹಿಂದಕ್ಕೆ ಮೂರು ಕಡೆ ಬಿತ್ತಿ. ಒಂದು ಕಡೆ ಸರಿದ ಹಂಚು, ಇನ್ನೊಂದು ಕಡೆ ಕಂಬದ ಮೇಲೆ ಉಗುರಿನ ಗೀರು, ಮತ್ತೊಂದು ಕಡೆ ಜಗಲಿ ಕಟ್ಟೆಯಲ್ಲಿ ಕಾಫಿ ಬೀಜ ಅಂಟಿದ ಹಿಕ್ಕೆ. ಪ್ರತಿಯೊಂದಕ್ಕೂ ಅರ್ಧ ವಾಕ್ಯ ಸಾಕು, ಬೇರೇನೋ ಕೆಲಸದ ನಡುವೆ ಬರಲಿ. ಒಂದೇ ಗುರುತು ಇಟ್ಟರೆ ಓದುಗರಿಗೆ ಮೋಸವಾದಂತಾಗುತ್ತದೆ. ಐದಿಟ್ಟರೆ ಅರ್ಧದಲ್ಲೇ ಗುಟ್ಟು ರಟ್ಟು.

ಕಾಲದ ಲೆಕ್ಕ ತಪ್ಪಬೇಡಿ. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯ ತನಕ. ಆಷಾಢದ ಜಡಿಮಳೆಯಲ್ಲಿ ಬೆಕ್ಕಿಗೆ ಕಾಫಿ ಹಣ್ಣು ತಿನ್ನಿಸಿದರೆ ಮಲೆನಾಡಿನವರು ಪುಸ್ತಕ ಮುಚ್ಚುತ್ತಾರೆ. ಮಳೆಯೇ ಬೇಕೆಂದರೆ ಸದ್ದಿನ ಬದಲು ಬೆಳಕಿಟ್ಟು ಕಾರಣವನ್ನೂ ಬದಲಿಸಿ: ಕೊಳೆತ ಮರದ ಮೇಲೆ ರಾತ್ರಿ ಹಸಿರಾಗಿ ಹೊಳೆಯುವ ಅಣಬೆ ಪಶ್ಚಿಮ ಘಟ್ಟದಲ್ಲಿದೆ. ಬಂಗಲೆ ಬೇಡವೆಂದರೆ ಹಾಸನದ ಶೆಟ್ಟಿಹಳ್ಳಿ ಚರ್ಚಿದೆ, ಕಟ್ಟಡವೇ ಗೋಥಿಕ್ ಎಂಬ ಚೂಪು ಕಮಾನಿನ ಶೈಲಿಯದು. ಅಲ್ಲೂ ಅಷ್ಟೇ: ಹೇಮಾವತಿ ಹಿನ್ನೀರು ಏರಿದಾಗ ಅದು ಭಾಗಶಃ ಮುಳುಗುತ್ತದೆ, ಬೇಸಿಗೆಯಲ್ಲಿ ಬಯಲಲ್ಲಿ ನಿಂತಿರುತ್ತದೆ. ರ‍್ಯಾಡ್‌ಕ್ಲಿಫ್ ಇಟಲಿಯನ್ನು ಕಣ್ಣಾರೆ ಕಾಣದೆ ಚಿತ್ರಗಳು, ಪ್ರವಾಸ ಗ್ರಂಥಗಳ ಬಲದಿಂದ ಬೆಟ್ಟ ಕಣಿವೆಗಳನ್ನು ಬಣ್ಣಿಸಿದರು. ನಿಮಗೆ ಆ ಕಷ್ಟವಿಲ್ಲ, ಬಾಬಾಬುಡನ್‌ಗಿರಿಯ ಮಂಜು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡಿಯೇ ಬರೆಯಿರಿ.

ಇನ್ನು ಭಯದ ಹದ. 1826ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾದ ಪ್ರಬಂಧವೊಂದರಲ್ಲಿ ರ‍್ಯಾಡ್‌ಕ್ಲಿಫ್ ಎರಡು ಬಗೆಯ ಹೆದರಿಕೆಯನ್ನು ಬೇರೆ ಮಾಡುತ್ತಾರೆ. ಒಂದು ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದೆ, ಇನ್ನೊಂದು ಅದನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ. ನಮ್ಮ ಭಯಾನಕ, ಬೀಭತ್ಸ ರಸಗಳನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ರಕ್ತ, ಕೊಳೆತ ಹೆಣ ತೋರಿಸಿದ ಕೂಡಲೇ ಊಹೆ ನಿಂತುಹೋಗುತ್ತದೆ. ಆದ್ದರಿಂದ ಸದ್ದು ಕೇಳಿಸಿ, ಆಕಾರ ತೋರಿಸಬೇಡಿ.

ಆದರೆ ಕಾರಣವನ್ನು ತೀರ ತಡಮಾಡಿದರೂ ಕೆಡುತ್ತದೆ, ಗುರುವೇ ಎಡವಿದ ಜಾಗವದು. ‘ಉಡಾಲ್ಫೊ’ದ ಎರಡನೇ ಸಂಪುಟದಲ್ಲಿ ನಾಯಕಿ ಎಮಿಲಿ ಕಪ್ಪು ಪರದೆ ಸರಿಸಿ ಮೂರ್ಛೆ ಹೋಗುತ್ತಾಳೆ. ಅದರ ಹಿಂದಿದ್ದದ್ದು ಮೇಣದ ಬೊಂಬೆ ಎಂದು ತಿಳಿಯುವುದು ನಾಲ್ಕನೆಯ ಸಂಪುಟದ ಕೊನೆಗೆ. ಅಷ್ಟರೊಳಗೆ ಓದುಗರ ಊಹೆ ಬೊಂಬೆಗಿಂತ ಎಷ್ಟೋ ದೊಡ್ಡದಾಗಿ ಬೆಳೆದಿರುತ್ತದೆ. ನಿಮ್ಮ ಕಥೆಯಲ್ಲಿ ಅಟ್ಟದ ಬಾಗಿಲು 1800ನೇ ಪದದ ಹೊತ್ತಿಗೆ ತೆರೆಯಲಿ, ಕಾರಣ 2600ರೊಳಗೆ ಬರಲಿ.

ಉಳಿದ 400 ಪದ ಯಾತಕ್ಕೆ? ಆಸ್ತಿಗೆ. ‘ಉಡಾಲ್ಫೊ’ದ ನಿಜವಾದ ಭಯ ಅದೇ: ಎಮಿಲಿಯ ಸೋದರತ್ತೆಯ ಗಂಡ ಮೊಂಟೋನಿ ಮೊದಲು ಹೆಂಡತಿಯ ಮೇಲೆ, ಆಮೇಲೆ ಎಮಿಲಿಯ ಮೇಲೆ ಆಸ್ತಿ ಬರೆದುಕೊಡುವಂತೆ ಒತ್ತಡ ಹಾಕುತ್ತಾನೆ. ನಿಮ್ಮ ಕಥೆಯಲ್ಲಿ ನಾಯಕಿಯ ಚಿಕ್ಕಪ್ಪ ದನಿ ಎತ್ತುವುದೇ ಬೇಡ. ‘ಏನಮ್ಮ, ರಾತ್ರಿ ನಿದ್ದೆ ಬಂತಾ? ಇಲ್ಲೊಂದು ಸಹಿ ಬೇಕಿತ್ತು’ ಎಂದು ಹಕ್ಕು ಬಿಡುಗಡೆ ಪತ್ರವನ್ನು ಕಾಫಿ ಲೋಟದ ಪಕ್ಕ ಇಡಲಿ. ಸದ್ದಿನ ಕಾರಣವನ್ನು ಹೇಳುವವರು ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಆಗಲಿ, ಅದೂ ಹೊರಡುವ ಆತುರದಲ್ಲಿ: ‘ಅದಾ? ಕಾಡುಬೆಕ್ಕು ಕಣಮ್ಮ, ಮರಿ ಹಾಕಿದೆ.’ ಆ ಮಾತು ಮುಗಿದಾಗಲೂ ಪತ್ರ ಮೇಜಿನ ಮೇಲೇ ಇರಲಿ, ಪೆನ್ನಿನ ಮುಚ್ಚಳ ತೆಗೆದಿರಲಿ.