ರೇಡಿಯೊ ಗೊರಗುಟ್ಟುತ್ತಿದೆಯಾ? ಮೇಜಿನ ಕೆಳಗೆ ಬಗ್ಗಿ ನೋಡಿ

ಬೆಳಿಗ್ಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿದರೆ ವಾರ್ತೆಯ ಬದಲು ಬರೀ ‘ಗೊರ್ರ್’. ನಮ್ಮ ಮನೆಯಲ್ಲಿ ಹೀಗಾದಾಗ ಮೊದಲು ರೇಡಿಯೊಗೆ ಎರಡೇಟು ಹಾಕಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಪಕ್ಕದ ಕೋಣೆಯ ಕಂಪ್ಯೂಟರ್ ಮೇಜಿನ ಕೆಳಗೆ ವೈರ್‌ಗಳ ಗೋಜಲಿತ್ತು.

ಅಡಾಪ್ಟರ್, ರೌಟರ್, ಎಲ್‌ಇಡಿ ದೀಪ, ಇವುಗಳೊಳಗೆ ಕರೆಂಟು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಗಿ ಆಫ್ ಆಗುತ್ತಿರುತ್ತದೆ. ಇದರಿಂದ ಏಳುವ ರೇಡಿಯೊ ಗದ್ದಲ ಸಣ್ಣ ಡಬ್ಬಿಯಿಂದ ತಾನಾಗಿ ಹೆಚ್ಚು ದೂರ ಹೋಗುವುದಿಲ್ಲ. ಅದಕ್ಕೊಂದು ಏರಿಯಲ್ ಬೇಕು. ಏರಿಯಲ್ ಕೊಡುವವರು ನಾವೇ, ವೈರ್ ರೂಪದಲ್ಲಿ! ಎಫ್‌ಎಂ ರೇಡಿಯೊದ 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದರ ಕಾಲುಭಾಗ, ಅಂದರೆ 75 ಸೆಂಟಿಮೀಟರ್ ವೈರ್ ಒಳ್ಳೆಯ ಏರಿಯಲ್ ಆಗುತ್ತದೆ. ಮೊಬೈಲಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ವೈರ್ ಸಿಕ್ಕಿಸಬೇಕಿತ್ತಲ್ವಾ, ಅದೇ ಲೆಕ್ಕ.

ಮೊದಲು ಕಳ್ಳನನ್ನು ಹಿಡಿಯಿರಿ. ಬ್ಯಾಟರಿಯ ಪುಟ್ಟ ರೇಡಿಯೊ ಸಾಕು. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ವೈರ್‌ಗಳ ಹತ್ತಿರ ಹಿಡಿದು ಸಾಗಿ. ರೇಡಿಯೊವನ್ನು ಸ್ವಲ್ಪ ಸ್ವಲ್ಪ ತಿರುಗಿಸಿಯೂ ನೋಡಿ, ಒಳಗೆ ಏರಿಯಲ್ ಕೆಲಸ ಮಾಡುವ ಫೆರೈಟ್ ಕಡ್ಡಿಗೆ ದಿಕ್ಕಿನ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಒಂದೊಂದೇ ಸ್ವಿಚ್ ಆರಿಸಿ. ಸದ್ದು ನಿಂತಾಗ ಆರಿಸಿದ್ದು ಯಾವುದೋ ಅದೇ ಕಳ್ಳ.

ಇನ್ನು ವೈರ್ ಸರಿಮಾಡುವ ಕೆಲಸ. ಕರೆಂಟು ಹೋಗುವ ತಂತಿ, ವಾಪಸು ಬರುವ ತಂತಿ ಜೊತೆಜೊತೆಗೇ ಇರಲಿ. ಎಲ್‌ಇಡಿ ಪಟ್ಟಿಗೋ ಸೋಲಾರ್ ಪ್ಯಾನೆಲ್‌ಗೋ ಪ್ಲಸ್ ಗೋಡೆಯ ಈ ಬದಿ, ಮೈನಸ್ ಆ ಬದಿ ಎಳೆಯುವವರಿದ್ದಾರೆ. ನಡುವಿನ ಜಾಗ ದೊಡ್ಡದಾದಷ್ಟೂ ಗದ್ದಲ ಜಾಸ್ತಿ. ಎರಡನ್ನೂ ಹಗ್ಗದಂತೆ ಹೆಣೆದುಬಿಡಿ, ಒಂದರ ಪರಿಣಾಮವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ.

ಉಳಿದ ಉದ್ದದ ವೈರನ್ನು ಬಳೆಯಂತೆ ಸುತ್ತಬೇಡಿ, ಹಾವಿನಂತೆ ಹಿಂದೆ ಮುಂದೆ ಮಡಚಿ ಕಟ್ಟಿ. ಉಪಕರಣಗಳ ಗದ್ದಲ ಅಳೆಯುವ ಲ್ಯಾಬ್‌ಗಳಲ್ಲೂ ಹೀಗೇ ಮಾಡುತ್ತಾರೆ: 80 ಸೆಂಟಿಮೀಟರ್ ಎತ್ತರದ ಮೇಜು, 30–40 ಸೆಂಟಿಮೀಟರ್ ಉದ್ದದ ಮಡಿಕೆ. ವೈರ್ ಜರುಗಿದರೆ ಅಳತೆಯೇ ಬದಲಾಗುತ್ತದೆ, ಅದಕ್ಕೇ ಇಷ್ಟು ಕಟ್ಟುನಿಟ್ಟು. ತಮಾಷೆಯೆಂದರೆ, ಅಲ್ಲಿ ವೈರ್‌ಗಳನ್ನು ಬೇಕಂತಲೇ ಅಲುಗಾಡಿಸಿ, ಗದ್ದಲ ಅತಿ ಹೆಚ್ಚಾಗುವ ಜೋಡಣೆಯನ್ನು ಹುಡುಕುವುದೂ ಉಂಟು.

ಕರೆಂಟಿನ ವೈರ್ ಮತ್ತು ಡೇಟಾ ವೈರ್ ಒಟ್ಟಿಗೆ ಕಟ್ಟಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಫೆರೈಟ್ ಕ್ಲಿಪ್ ಗೊತ್ತಲ್ಲ, ಕೆಲವು ಲ್ಯಾಪ್‌ಟಾಪ್ ವೈರ್‌ಗಳಲ್ಲಿರುವ ದಪ್ಪ ಗುಂಡು. ಅದನ್ನು ಗದ್ದಲ ಮಾಡುವ ಉಪಕರಣಕ್ಕೆ ಅಂಟಿದಂತೆ ಹಾಕಿ, ವೈರಿನ ನಡುವೆ ಹಾಕಿದರೆ ಪ್ರಯೋಜನ ಕಡಿಮೆ. ವೈರನ್ನು ಅದರೊಳಗೆ ಎರಡು ಸಲ ಹಾಯಿಸಿದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ.

ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಯುಎಸ್‌ಬಿ 3 ಪೋರ್ಟಿನ ಹಾರ್ಡ್ ಡಿಸ್ಕ್ ಮೇಲೆ ಕಣ್ಣಿಡಿ. ಅದರ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್‌ವರೆಗೂ ಹರಡುತ್ತದೆ. ಮೌಸಿನ ಡಾಂಗಲ್ಲನ್ನು (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಸಣ್ಣ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಡಿ.

ಸದ್ದು ನಿಲ್ಲಲಿ ಅಂತ ಅರ್ತ್ ಪಿನ್ ಮಾತ್ರ ಮುರಿಯಬೇಡಿ, ಅಡಾಪ್ಟರ್ ಡಬ್ಬಿ ಬಿಚ್ಚಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ನಮ್ಮನೆಯಲ್ಲಿ ಒಂದು ಅಡಾಪ್ಟರ್ ಮಾತು ಕೇಳಲಿಲ್ಲ. ಬದಲಿಸಿದೆ. ಈಗ ವಾರ್ತೆ ಸ್ಪಷ್ಟವಾಗಿ ಕೇಳುತ್ತದೆ, ಮಿಕ್ಸಿ ತಿರುಗುವಾಗ ಬಿಟ್ಟು.