ಮುಂದಿನ ಸೆಮಿಸ್ಟರಿಗೆ ಹೋದ ಮಾತ್ರಕ್ಕೆ ಪಾಸಾದಂತಲ್ಲ: ಪದವಿ ಫಲಿತಾಂಶವನ್ನು ಓದಿಕೊಳ್ಳುವ ಬಗೆ

ಫಲಿತಾಂಶ ಬಂದ ವಾರದಲ್ಲಿ ಪದವಿ ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ, "ಸಾರ್, ಎರಡು ಸಬ್ಜೆಕ್ಟ್ ಉಳಿದಿವೆ, ಮುಂದಿನ ಸೆಮಿಸ್ಟರಿಗೆ ಕೂರಬಹುದಲ್ಲ?" ಎಂಬುದು. ಕೂರಬಹುದು ಎಂಬ ಉತ್ತರ ಸಿಕ್ಕೊಡನೆ ವಿದ್ಯಾರ್ಥಿ ನಿರಾಳವಾಗಿ ಹೊರಟುಬಿಡುತ್ತಾನೆ. ಜಗಳೂರಿನಿಂದಲೋ ಚಳ್ಳಕೆರೆಯಿಂದಲೋ ಬಸ್ಸು ಹತ್ತಿ ಬಂದ ತಂದೆ, ಮಗ ಪಾಸಾದನೆಂದೇ ತಿಳಿಯುತ್ತಾರೆ. ಮುಂದಿನ ಸೆಮಿಸ್ಟರಿಗೆ ಪ್ರವೇಶ ಪಡೆಯುವುದು, ಪತ್ರಿಕೆಯೊಂದರಲ್ಲಿ ಉತ್ತೀರ್ಣರಾಗುವುದು, ಪದವಿಗೆ ಅರ್ಹರಾಗುವುದು ಇವು ಬೇರೆ ಬೇರೆ ನಿಯಮಗಳಿಗೆ ಒಳಪಟ್ಟ ಬೇರೆ ಬೇರೆ ಸಂಗತಿಗಳು. ಇವನ್ನು ಒಂದೇ ಎಂದು ಬಗೆದವರು ಮೂರನೆಯ ವರ್ಷದ ಕೊನೆಯಲ್ಲಿ ಪೇಚಿಗೆ ಸಿಲುಕುತ್ತಾರೆ.

ಮೊದಲು ಮಾಡಬೇಕಾದ ಕೆಲಸವೆಂದರೆ ನೀವು ಯಾವ ನಿಯಮಾವಳಿಗೆ ಸೇರಿದವರು ಎಂಬುದನ್ನು ಖಚಿತಪಡಿಸಿಕೊಳ್ಳುವುದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳು ಬರುತ್ತವೆ. ಆದರೆ ವಿಶ್ವವಿದ್ಯಾಲಯ ಒಂದೇ ಆದರೂ ನಿಯಮ ಒಂದೇ ಅಲ್ಲ. 2021-22ರಲ್ಲಿ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಒಳಪಟ್ಟರು. ರಾಜ್ಯ ಸರ್ಕಾರವು ಆ ನೀತಿಯ ನಾಲ್ಕು ವರ್ಷಗಳ ಚೌಕಟ್ಟನ್ನು ಕೈಬಿಟ್ಟು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದ್ದರಿಂದ ಆನಂತರ ಸೇರಿದವರಿಗೆ ಬೇರೆಯೇ ಪಠ್ಯಕ್ರಮ, ಬೇರೆಯೇ ಅಂಕ ಹಂಚಿಕೆ. ಹೀಗಾಗಿ ಅಣ್ಣನ ಅನುಭವ ತಮ್ಮನಿಗೆ ದಾರಿ ತೋರಿಸಲಾರದು. ನೀವು ಪ್ರವೇಶ ಪಡೆದ ವರ್ಷಕ್ಕೆ ಅನ್ವಯಿಸುವ ನಿಯಮಾವಳಿಯ ಪ್ರತಿಯನ್ನೇ ಗ್ರಂಥಾಲಯದಿಂದಲೋ ವಿಶ್ವವಿದ್ಯಾಲಯದ ಜಾಲತಾಣದಿಂದಲೋ ಪಡೆದು, ಹಾಜರಾತಿ, ಉತ್ತೀರ್ಣತೆ, ದರ್ಜೆ ಎಂಬ ತಲೆಬರಹಗಳಡಿ ಇರುವುದನ್ನು ಓದಿಕೊಳ್ಳಬೇಕು. ಹತ್ತು ಪುಟಗಳನ್ನು ಓದಲು ಅರ್ಧ ಗಂಟೆ ಸಾಕು. ಓದದವರು ವರ್ಷಗಟ್ಟಲೆ ಕಚೇರಿ ಅಲೆದದ್ದನ್ನು ಕಂಡಿದ್ದೇನೆ.

ಹಾಜರಾತಿಯ ವಿಷಯ ಸರಳವಾದದ್ದು. ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಅವಕಾಶವಿರುವುದಿಲ್ಲ, ಆ ಸೆಮಿಸ್ಟರಿನ ತರಗತಿಗಳಿಗೆ ಮತ್ತೆ ಹಾಜರಾಗಬೇಕಾಗುತ್ತದೆ. ಪರೀಕ್ಷೆ ಬರೆದು ಅನುತ್ತೀರ್ಣರಾಗುವುದಕ್ಕಿಂತ ಇದು ಹೆಚ್ಚು ದುಬಾರಿ, ಏಕೆಂದರೆ ಇಲ್ಲಿ ಹೋಗುವುದು ಒಂದು ಪತ್ರಿಕೆಯಲ್ಲ, ಒಂದು ವರ್ಷ.

ಉತ್ತೀರ್ಣತೆಯ ಲೆಕ್ಕ ಹಲವರಿಗೆ ತಿಳಿದಿರುವುದಿಲ್ಲ. ಪತ್ರಿಕೆಗೆ ನೂರು ಅಂಕ, ಅದರಲ್ಲಿ 60 ಲಿಖಿತ ಪರೀಕ್ಷೆಗೆ, 40 ಆಂತರಿಕ ಮೌಲ್ಯಮಾಪನಕ್ಕೆ ಎಂದಿಟ್ಟುಕೊಳ್ಳೋಣ. ಲಿಖಿತ ಪರೀಕ್ಷೆಯಲ್ಲಿ ಶೇಕಡಾ 35, ಒಟ್ಟಾರೆ ಶೇಕಡಾ 40 ಬರಬೇಕೆಂಬುದು ನಿಯಮವಾದರೆ, ಲಿಖಿತದಲ್ಲಿ 21 ಮತ್ತು ಒಟ್ಟು 40 ಎಂಬ ಎರಡು ಷರತ್ತುಗಳೂ ಪೂರೈಸಬೇಕು. ಆಂತರಿಕದಲ್ಲಿ 38 ಪಡೆದು ಲಿಖಿತದಲ್ಲಿ 20 ಪಡೆದವನ ಒಟ್ಟು ಅಂಕ 58 ಆದರೂ ಅವನು ಅನುತ್ತೀರ್ಣ. ಆಂತರಿಕದಲ್ಲಿ ಕೇವಲ 15 ಪಡೆದವಳು ಲಿಖಿತದಲ್ಲಿ 21 ತಂದರೂ ಸಾಲದು, 25 ತರಬೇಕು. ಅಂಕ ಹಂಚಿಕೆ 80 ಮತ್ತು 20 ಆಗಿರುವಲ್ಲಿ ಲಿಖಿತದ ಕನಿಷ್ಠ 28ಕ್ಕೆ ಏರುತ್ತದೆ, ಆಂತರಿಕ ಅಂಕಗಳ ಆಸರೆ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆಂತರಿಕ ಅಂಕಗಳನ್ನು ಮುಂದೆ ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ. ಪೂರಕ ಪರೀಕ್ಷೆ ಬರೆದಾಗಲೂ ಹಳೆಯ ಆಂತರಿಕ ಅಂಕಗಳೇ ಉಳಿಯುತ್ತವೆ. ಆದ್ದರಿಂದ ಕಿರುಪರೀಕ್ಷೆ, ನಿಯೋಜಿತ ಕಾರ್ಯಗಳನ್ನು ಕಡೆಗಣಿಸಿದರೆ ಅದರ ಬೆಲೆಯನ್ನು ಪ್ರತಿ ಮರುಪ್ರಯತ್ನದಲ್ಲೂ ತೆರಬೇಕಾಗುತ್ತದೆ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಪದವಿಗಳಲ್ಲಿ ಉಳಿದ ಪತ್ರಿಕೆಗಳನ್ನು ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಲು ಕರ್ನಾಟಕದ ವಿಶ್ವವಿದ್ಯಾಲಯಗಳು ಧಾರಾಳವಾಗಿಯೇ ಅವಕಾಶ ಕೊಡುತ್ತವೆ. ಈ ಧಾರಾಳತನ ಒಳ್ಳೆಯ ಉದ್ದೇಶದ್ದೇ. ಆದರೆ ಅದೇ ಅನೇಕರನ್ನು ಮೈಮರೆಸುತ್ತದೆ ಎಂಬುದು ನನ್ನ ಅಭಿಪ್ರಾಯ. ಎಂಜಿನಿಯರಿಂಗ್‌ನಲ್ಲಿ ಹಾಗಿಲ್ಲ. ದಾವಣಗೆರೆಯ ಯುಬಿಡಿಟಿಯಂಥ ಕಾಲೇಜುಗಳು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಂತರಿಕ 50 ಅಂಕಗಳಿಗೆ 20 ಬಾರದವರು ಅಂತಿಮ ಪರೀಕ್ಷೆಗೇ ಕೂರುವಂತಿಲ್ಲ. ವರ್ಷದಿಂದ ವರ್ಷಕ್ಕೆ ಏರಲು ಉಳಿದ ಪತ್ರಿಕೆಗಳಿಗೆ, ಅಂದರೆ ಬ್ಯಾಕ್‌ಲಾಗ್‌ಗಳಿಗೆ ಮಿತಿ ಇದೆ. ಅದನ್ನು ಮೀರಿದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ, ವಿದ್ಯಾರ್ಥಿಗಳ ಭಾಷೆಯಲ್ಲಿ "ಇಯರ್ ಬ್ಯಾಕ್."

ಅನುತ್ತೀರ್ಣ ಎಂಬ ಫಲಿತಾಂಶ ಬಂದಾಗ ಮೊದಲು ಆ ಪತ್ರಿಕೆಯಲ್ಲಿ ಎಷ್ಟು ಅಂಕ ಕಡಿಮೆಯಾಗಿದೆ ಎಂದು ನೋಡಬೇಕು. ಎರಡು ಮೂರು ಅಂಕಗಳ ಕೊರತೆಯಿದ್ದು ಚೆನ್ನಾಗಿ ಬರೆದಿರುವ ನಂಬಿಕೆಯಿದ್ದರೆ, ಉತ್ತರ ಪತ್ರಿಕೆಯ ನಕಲು ಪ್ರತಿ ತರಿಸಿಕೊಂಡು, ಅಂಕಗಳ ಕೂಡಿಕೆಯನ್ನೂ ಅಂಕ ಕೊಡದೆ ಬಿಟ್ಟ ಉತ್ತರಗಳನ್ನೂ ಪರಿಶೀಲಿಸಿ, ಬಳಿಕ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದು ವಿವೇಕ. ಅರ್ಜಿಯ ಕೊನೆಯ ದಿನ ಬೇಗ ಬಂದುಬಿಡುತ್ತದೆ, ಸುತ್ತೋಲೆಯನ್ನು ಫಲಿತಾಂಶ ಬಂದ ದಿನವೇ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ: ಮರುಮೌಲ್ಯಮಾಪನದ ಫಲಿತಾಂಶಕ್ಕಾಗಿ ಕಾಯುತ್ತಾ ಮುಂದಿನ ಪರೀಕ್ಷೆಯ ಶುಲ್ಕ ಕಟ್ಟುವುದನ್ನು ಬಿಡಬಾರದು. ಶುಲ್ಕದ ದಿನ ಮೊದಲು ಮುಗಿದು, ಫಲಿತಾಂಶ ಆಮೇಲೆ "ಬದಲಾವಣೆ ಇಲ್ಲ" ಎಂದು ಬಂದರೆ, ಮತ್ತೊಂದು ಅವಕಾಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಶುಲ್ಕ ಕಟ್ಟಿದ ಮೇಲೆ, ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳ ದಾಖಲೆ ಇರುವ ಯುಯುಸಿಎಂಎಸ್ ಜಾಲತಾಣದಲ್ಲಿ ನಿಮ್ಮ ಉಳಿದ ಪತ್ರಿಕೆಗಳ ಹೆಸರೂ ಸಂಕೇತವೂ ಸರಿಯಾಗಿ ದಾಖಲಾಗಿವೆಯೇ ಎಂದು ನೋಡಿ, ಆ ಪುಟವನ್ನು ಮುದ್ರಿಸಿಟ್ಟುಕೊಳ್ಳಿ.

ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮರುಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಉತ್ತೀರ್ಣತೆಯ ಕನಿಷ್ಠ ಅಂಕವಾದ 40ನ್ನಷ್ಟೇ ಕೊಡುತ್ತಾರೆ. ನಮ್ಮಲ್ಲಿ ಗಳಿಸಿದ ಅಂಕ ಹಾಗೆಯೇ ದಾಖಲಾಗುತ್ತದೆ. ಆದರೆ ರ‍್ಯಾಂಕಿಗೆ ಮೊದಲ ಪ್ರಯತ್ನದಲ್ಲೇ ಎಲ್ಲ ಪತ್ರಿಕೆಗಳನ್ನು ಮುಗಿಸಿದವರನ್ನು ಮಾತ್ರ ಪರಿಗಣಿಸುವುದು ರೂಢಿ.

ಇನ್ನು ದರ್ಜೆಯ ಲೆಕ್ಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಹತ್ತು ಅಂಶಗಳ ಮಾಪಕದಲ್ಲಿ ಓ ಶ್ರೇಣಿಗೆ 10, ಎ ಪ್ಲಸ್‌ಗೆ 9, ಎ ಶ್ರೇಣಿಗೆ 8, ಹೀಗೆ ಇಳಿದು ಪಿ ಶ್ರೇಣಿಗೆ 4, ಅನುತ್ತೀರ್ಣರಿಗೆ ಸೊನ್ನೆ. ಪ್ರತಿ ಪತ್ರಿಕೆಯ ಅಂಶವನ್ನು (ಗ್ರೇಡ್ ಪಾಯಿಂಟ್) ಆ ಪತ್ರಿಕೆಗೆ ನಿಗದಿಯಾದ ತೂಕದ ಅಂಕಿಯಾದ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ ಬರುತ್ತದೆ. ಒಬ್ಬಳಿಗೆ 5 ಕ್ರೆಡಿಟ್‌ನ ಮೂರು ಮುಖ್ಯ ವಿಷಯಗಳಲ್ಲಿ 8, 7, 6; 3 ಕ್ರೆಡಿಟ್‌ನ ಎರಡು ಭಾಷೆಗಳಲ್ಲಿ 9, 8; 2 ಕ್ರೆಡಿಟ್‌ನ ಒಂದು ಪತ್ರಿಕೆಯಲ್ಲಿ 10 ಬಂದಿವೆ ಎನ್ನೋಣ. ಆರು ಅಂಶಗಳ ಸರಾಸರಿ ತೆಗೆದು ಅವಳು 8 ಎಂದು ಹಿಗ್ಗಬಹುದು. ನಿಜವಾದ ಲೆಕ್ಕ 176ನ್ನು 23ರಿಂದ ಭಾಗಿಸಿದಾಗ ಬರುವ 7.65. ಮುಖ್ಯ ವಿಷಯದಲ್ಲಿ ಕಳೆದುಕೊಂಡದ್ದನ್ನು ಚಿಕ್ಕ ಪತ್ರಿಕೆಯ ಪೂರ್ಣಾಂಕ ತುಂಬಿಕೊಡದು. ಎಲ್ಲ ಸೆಮಿಸ್ಟರುಗಳ ಎಸ್‌ಜಿಪಿಎಯನ್ನು ಇದೇ ರೀತಿ ಕ್ರೆಡಿಟ್‌ಗಳ ತೂಕದೊಂದಿಗೆ ಕೂಡಿಸಿದರೆ ಸಿಜಿಪಿಎ.

ಸಿಜಿಪಿಎಯನ್ನು ಶೇಕಡಾವಾರಿಗೆ ಇಳಿಸುವಾಗ ಹತ್ತರಿಂದ ಗುಣಿಸಿಬಿಡುವುದು ಸಾಮಾನ್ಯ ತಪ್ಪು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸುತ್ತಾರೆ, ಅಲ್ಲಿ 7.65 ಎಂದರೆ ಶೇಕಡಾ 69, ಅಂದರೆ 70ರ ಡಿಸ್ಟಿಂಕ್ಷನ್‌ಗೆ ಕೂದಲೆಳೆಯಷ್ಟು ಕಡಿಮೆ. ನಿಮ್ಮ ಅಂಕಪಟ್ಟಿಯ ಹಿಂಬದಿಯಲ್ಲಿ ಅಥವಾ ನಿಯಮಾವಳಿಯಲ್ಲಿ ಇರುವ ಸೂತ್ರವನ್ನೇ ಬಳಸಬೇಕು. ಬಿ.ಇಡಿ.ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇಕಡಾ 50 ಬೇಕಾಗುವುದರಿಂದ, ಅಂಚಿನಲ್ಲಿರುವವರು ಈ ಲೆಕ್ಕವನ್ನು ಐದನೆಯ ಸೆಮಿಸ್ಟರು ಮುಗಿದಾಗಲೇ ಮಾಡಿಕೊಂಡರೆ ಕೊನೆಯ ಸೆಮಿಸ್ಟರಿನಲ್ಲಿ ಎಷ್ಟು ಬೇಕೆಂಬುದು ಕೈಗೆ ಸಿಗುತ್ತದೆ.

ಆರನೆಯ ಸೆಮಿಸ್ಟರಿನ ಶುಲ್ಕ ಕಟ್ಟುವ ಮುನ್ನ ಒಂದರಿಂದ ಐದರವರೆಗಿನ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಉಳಿದ ಪ್ರತಿ ಪತ್ರಿಕೆಯನ್ನೂ ಒಂದು ಹಾಳೆಯಲ್ಲಿ ಬರೆದು, ಅವುಗಳ ಪರೀಕ್ಷೆ ಇದೇ ಬಾರಿ ನಡೆಯುತ್ತದೆಯೇ ಎಂದು ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿಕೊಳ್ಳಿ. ಮೊದಲ ಸೆಮಿಸ್ಟರಿನ ಒಂದೇ ಒಂದು ಭಾಷಾ ಪತ್ರಿಕೆ ಉಳಿದಿದ್ದರೂ ತಾತ್ಕಾಲಿಕ ಪದವಿ ಪ್ರಮಾಣಪತ್ರ ಸಿಗುವುದಿಲ್ಲ, ಆ ವರ್ಷದ ಸ್ನಾತಕೋತ್ತರ ಪ್ರವೇಶವೂ ಕೈತಪ್ಪುತ್ತದೆ.